ಹೆರಿಗೆಗೆ ಮೊದಲಿನ ಒಂಬತ್ತು ತಿಂಗಳು



ಬಿತ್ತನೆ ಬೀಜ, ಮೇಲುಗೊಬ್ಬರ, ಕಾಂಡಕೊರಕದ ಹುಳು ಇವುಗಳ ನಡುವೆ ಬಸುರಿ ಬಾಣಂತಿಯರ ಮಾತು ಎಲ್ಲಿಂದ ಬಂತು, ಕೃಷಿ ಇಲಾಖೆಯವನಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದಿದ್ದು ಎರಡು ವರ್ಷದ ಕೃಷಿ ಡಿಪ್ಲೊಮಾ. ಅದರಲ್ಲಿ ಹೆರಿಗೆಯ ಪಾಠ ಇರಲಿಲ್ಲ. ಆದರೆ ನಾಟಿ ಹಾಕುವವರು ಯಾರು, ಕಳೆ ಕೀಳುವವರು ಯಾರು, ಕಣದಲ್ಲಿ ತೂರಿ ಕೇರಿ ಕಾಳು ಮಾಡುವವರು ಯಾರು? ಬಹುಮಟ್ಟಿಗೆ ಹೆಣ್ಣುಮಕ್ಕಳೇ. ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಿಂತವರಲ್ಲಿ ಒಬ್ಬಳು ಮೂರು ತಿಂಗಳ ಬಸುರಿ ಎಂಬುದು ಅವಳ ಗಂಡನಿಗೂ ಸರಿಯಾಗಿ ತಿಳಿದಿರುವುದಿಲ್ಲ. ಅಂಥ ಗದ್ದೆಯ ಬದುವಿನ ಮೇಲೆ ದಿನವೂ ಓಡಾಡತಕ್ಕ ನನ್ನಂಥವನು ಈ ಮಾತು ಆಡದೆ ಬೇರೆ ಯಾರು ಆಡಬೇಕು? ಚಿಕಿತ್ಸೆಯ ಮಾತು ನಾನು ಹೇಳುವುದಿಲ್ಲ. ಅದು ವೈದ್ಯರ ಕೆಲಸ. ನಿಮ್ಮ ಊರಿನಲ್ಲೇ ಸಿಗುವ ಸೌಕರ್ಯ ಯಾವುದು, ಅದನ್ನು ಯಾವಾಗ ಹೋಗಿ ಪಡೆಯಬೇಕು ಎಂಬುದಷ್ಟೇ ನನ್ನ ವಿಷಯ.

ಮೊದಲು ಒಂದು ಒರಟು ಹೋಲಿಕೆ ಮಾಡುತ್ತೇನೆ, ತಾಯಂದಿರು ಮನ್ನಿಸಬೇಕು. ಮನೆಯಲ್ಲಿ ಒಂದು ಸೀಮೆ ಹಸು ಇದೆ ಎನ್ನಿ. ಅದಕ್ಕೆ ಸೂಜಿ ಹಾಕಿಸಿದ ತಾರೀಖನ್ನು ನೀವು ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಸುತ್ತಿ ಇಡುತ್ತೀರಿ. ಮೂರು ತಿಂಗಳಿಗೆ ಪಶುವೈದ್ಯರನ್ನು ಕರೆದು ಗಬ್ಬ ನಿಂತಿದೆಯೇ ಎಂದು ಪರೀಕ್ಷೆ ಮಾಡಿಸುತ್ತೀರಿ. ಏಳು ತಿಂಗಳು ತುಂಬಿದ ಮೇಲೆ ಹಾಲು ಬತ್ತಿಸಿ, ಹಿಂಡಿ ಬೂಸ ಹೆಚ್ಚಿಸುತ್ತೀರಿ. ಈಯುವ ದಿನ ಹತ್ತಿರ ಬಂದರೆ ರಾತ್ರಿ ಎರಡು ಸಲ ಎದ್ದು ಕೊಟ್ಟಿಗೆಗೆ ಹೋಗಿ ನೋಡುತ್ತೀರಿ. ಹಸುವಿಗೂ ಮನುಷ್ಯರಿಗೂ ದಿನದ ಲೆಕ್ಕ ಹೆಚ್ಚುಕಡಿಮೆ ಒಂದೇ, ಸುಮಾರು 280 ದಿನ. ಆದರೆ ಮನೆಯ ಸೊಸೆ ಮುಟ್ಟಾದ ಕಡೆಯ ತಾರೀಖನ್ನು ಬರೆದಿಟ್ಟ ಮನೆ ಎಷ್ಟಿವೆ? ನಾನಂತೂ ಕಂಡದ್ದು ಬಹಳ ಕಡಮೆ.

ಈಗ ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ನಮ್ಮ ರಾಜ್ಯದ ಜನ ಹೆರಿಗೆಗೆ ಆಸ್ಪತ್ರೆಗೆ ಹೋಗುವುದನ್ನು ಕಲಿತರು. 2019ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಮಗು ಹುಟ್ಟಿದ ಒಂದು ಲಕ್ಷ ಹೆರಿಗೆಗಳಿಗೆ 2001–03ರಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಲೆಕ್ಕ 69ಕ್ಕೆ ಇಳಿಯಿತು. ಇದು ಸಾಮಾನ್ಯ ಕೆಲಸವಲ್ಲ. ಆದರೆ ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ. ನೂರು ಮಂದಿ ಬಸುರಿಯರನ್ನು ಪರೀಕ್ಷಿಸಿದರೆ 45ಕ್ಕೂ ಹೆಚ್ಚು ಮಂದಿಗೆ ರಕ್ತ ಸಾಲದು. ಅಂದರೆ ಕಡೆಯ ದಿನ ಆಸ್ಪತ್ರೆಯ ಬಾಗಿಲಿಗೆ ಹೋಗುವುದನ್ನು ಕಲಿತೆವು, ಅದಕ್ಕೆ ಮೊದಲಿನ ಒಂಬತ್ತು ತಿಂಗಳು ಮಾಡತಕ್ಕ ಕೆಲಸವನ್ನು ಇನ್ನೂ ಪೂರ್ತಿ ಕಲಿತಿಲ್ಲ. ಪೈರಿಗೆ ಗೊಬ್ಬರ ನೀರು ಕೊಡದೆ ಕುಯಿಲಿನ ದಿನ ಒಳ್ಳೆಯ ಕುಡುಗೋಲು ತಂದರೆ ಕಾಳು ಬರುವುದೇ?

ಊರಿನಲ್ಲಿ ಈ ಕೆಲಸಕ್ಕೆಂದು ಇರುವವರು ಮೂವರು. ಒಬ್ಬರು ಆಶಾ ಕಾರ್ಯಕರ್ತೆ. ಸುಮಾರು ಸಾವಿರ ಜನಕ್ಕೆ ಒಬ್ಬರಂತೆ, ನಿಮ್ಮ ಊರಿನ ಹೆಣ್ಣುಮಗಳೇ. ಇನ್ನೊಬ್ಬರು ಉಪಕೇಂದ್ರದ ನರ್ಸಮ್ಮ. ಕಾಗದದಲ್ಲಿ ಈಗ ಅವರಿಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದನೆಯ ಹೆಸರಿದೆ. ಊರವರ ಬಾಯಲ್ಲಿ ನರ್ಸಮ್ಮ, ಇಲ್ಲವೇ ಸಿಸ್ಟರ್. ಮೂರನೆಯವರು ಅಂಗನವಾಡಿ ಟೀಚರು. ಅಂದಹಾಗೆ ದೇಶದಲ್ಲಿ ಅಂಗನವಾಡಿಯ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು; ನಮ್ಮ ರಾಜ್ಯದ ಪಾಲಿಗೆ ಬಂದ ಮೊದಲ ತಾಲ್ಲೂಕು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ನಾಲೆ ನೀರಿನ ಭತ್ತದ ಸೀಮೆಯಲ್ಲೇ ಅದು ಮೊದಲಾಯಿತು ಎಂಬುದು ನಮಗೆ ಸಂತೋಷದ ವಿಷಯ. ಈ ಮೂವರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಅವರ ಮೇಲೆ ತಾಲ್ಲೂಕು ಆಸ್ಪತ್ರೆ.

ಇಷ್ಟು ಜನರಿದ್ದರೂ ಕೆಲಸ ಮೊದಲಾಗಬೇಕಾದರೆ ಅವರಿಗೆ ಒಂದು ಸುದ್ದಿ ಮುಟ್ಟಬೇಕು. ಮುಟ್ಟು ನಿಂತು ಮೂರು ತಿಂಗಳಾಗುವುದರೊಳಗೆ, ಅಂದರೆ 12 ವಾರದೊಳಗೆ, ಹೆಸರು ಬರೆಸಬೇಕು. ಬರೆಸಿದ ಕೂಡಲೆ ತಾಯಿ ಕಾರ್ಡು ಕೊಡುತ್ತಾರೆ. ಹೆರಿಗೆಯ ದಿನವನ್ನು ನೀವೇ ಲೆಕ್ಕ ಹಾಕಬಹುದು: ಕಡೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ. ಜೂನ್ 10 ಆಗಿದ್ದರೆ ಮಾರ್ಚ್ 17. ಈ ಲೆಕ್ಕದಲ್ಲಿ ನಮ್ಮ ಕಸುಬಿನ ತೊಡಕು ಎಲ್ಲಿ ಬರುತ್ತದೆ ನೋಡಿ. ಜೂನಿನಲ್ಲಿ ನಿಂತ ಬಸಿರಿಗೆ ಹೆಸರು ಬರೆಸುವ ಅವಧಿ ಸೆಪ್ಟೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಜುಲೈ ಆಗಸ್ಟ್ ಎಂದರೆ ನಾಟಿಯ ಭರಾಟೆ. ನಾಲೆಗೆ ನೀರು ಬಿಟ್ಟಿದ್ದಾರೆ, ಮುಯ್ಯಾಳು ಬಂದಿದ್ದಾರೆ, ಕೂಲಿ ಬಿಟ್ಟರೆ ಆ ದಿನದ ದುಡ್ಡು ಹೋಯಿತು. "ನಾಟಿ ಮುಗೀಲಿ, ಆಮೇಲೆ ಹೋದರಾಯ್ತು" ಎಂಬ ಒಂದೇ ಮಾತಿನಲ್ಲಿ ಮೂರು ತಿಂಗಳು ಜಾರಿಹೋಗುತ್ತದೆ. ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ಸಂಜೆ ಅವರಿಗೆ ಒಂದು ಮಾತು ಹೇಳಿ ಕಳಿಸಿದರೂ ಕೆಲಸ ಶುರುವಾಯಿತು. ಹೊಟ್ಟೆ ಕಾಣುವ ತನಕ ಯಾರಿಗೂ ಹೇಳಬಾರದು, ದೃಷ್ಟಿ ತಗಲುತ್ತದೆ ಎನ್ನುವ ಹಿರಿಯರಿದ್ದಾರೆ. ಊರಿಗೆಲ್ಲ ಹೇಳಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ.

ಆ ಮೇಲೆ ಕಡಮೆಯೆಂದರೆ ನಾಲ್ಕು ಸಲ ಪರೀಕ್ಷೆ ಆಗಬೇಕು: ಹೆಸರು ಬರೆಸುವಾಗ ಒಂದು, ನಾಲ್ಕರಿಂದ ಆರು ತಿಂಗಳ ನಡುವೆ ಒಂದು, ಏಳೆಂಟು ತಿಂಗಳಲ್ಲಿ ಒಂದು, ಒಂಬತ್ತು ತಿಂಗಳಲ್ಲಿ ಒಂದು. ತೂಕ, ರಕ್ತದ ಒತ್ತಡ, ರಕ್ತ, ಮೂತ್ರ, ಮಗುವಿನ ಬೆಳವಣಿಗೆ ನೋಡುತ್ತಾರೆ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ವೈದ್ಯರು ಪರೀಕ್ಷೆ ನಡೆಸುವ ಏರ್ಪಾಡಿದೆ. ಧನುರ್ವಾಯು ಬಾರದಂತೆ ಎರಡು ಸೂಜಿ, ಒಂದು ತಿಂಗಳ ಅಂತರದಲ್ಲಿ. ಈ ಸೂಜಿಯ ವಿಷಯ ರೈತರಿಗೆ ಬೇಗ ತಿಳಿಯಬೇಕು, ಏಕೆಂದರೆ ಧನುರ್ವಾಯುವಿನ ಬೀಜಾಣು ಇರುವುದು ನಮ್ಮ ಮಣ್ಣಿನಲ್ಲಿ, ತಿಪ್ಪೆಯಲ್ಲಿ. ಹಿಂದೆ ಕುಡುಗೋಲಿನಿಂದ ಹೊಕ್ಕಳುಬಳ್ಳಿ ಕೊಯ್ದು ಬೂದಿಯನ್ನೋ ಸಗಣಿಯನ್ನೋ ಮೆತ್ತಿದ ಮನೆಗಳಲ್ಲಿ ಎಳೆಗೂಸು ವಾರದೊಳಗೆ ಸೆಟೆದುಕೊಂಡು ಸಾಯುತ್ತಿತ್ತು. ಸೂಜಿಯಿಂದಲೂ ಚೊಕ್ಕಟ ಹೆರಿಗೆಯಿಂದಲೂ ಆ ಪಿಡುಗು ಅಡಗಿತು. ಹೆರಿಗೆಯ ತಾಯಂದಿರನ್ನೂ ಹಸುಗೂಸುಗಳನ್ನೂ ಕೊಲ್ಲುತ್ತಿದ್ದ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಮಣ್ಣಿನಲ್ಲಿ ಬೀಜಾಣು ಇದ್ದೇ ಇದೆ. ಸೂಜಿ ಬಿಟ್ಟರೆ ಮತ್ತೆ ಬರುತ್ತದೆ.

ಇನ್ನು ರಕ್ತದ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ಅಂಶ 11 ಗ್ರಾಂ ಆದರೂ ಇರಬೇಕು. ಅದಕ್ಕಿಂತ ಇಳಿದರೆ ರಕ್ತಹೀನತೆ; 7ಕ್ಕಿಂತ ಇಳಿದರೆ ಜೀವಕ್ಕೆ ಅಪಾಯ, ಅದು ಊರಿನಲ್ಲಿ ಮುಗಿಯುವ ವಿಷಯವಲ್ಲ, ವೈದ್ಯರ ಮುಂದೆ ಹೋಗಲೇಬೇಕು. ಹೆರಿಗೆಯಲ್ಲಿ ಯಾರಿಗಾದರೂ ಸ್ವಲ್ಪ ರಕ್ತ ಹೋಗುತ್ತದೆ. ಅರ್ಧ ಲೀಟರಿಗಿಂತ ಹೆಚ್ಚು ಹೋದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಗಟ್ಟಿಮುಟ್ಟಾದ ಹೆಣ್ಣುಮಗಳು ಅಷ್ಟನ್ನು ತಡೆದುಕೊಂಡಾಳು. ಮೊದಲೇ ರಕ್ತವಿಲ್ಲದವಳು ಅದಕ್ಕಿಂತ ಕಡಮೆ ಹೋದರೂ ಕೈಬಿಟ್ಟುಹೋಗಬಹುದು. ಮಾಸು ಬಿದ್ದ ಮೇಲೆ ರಕ್ತ ನಿಲ್ಲದೆ ಹೋದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದುಹೋಗುತ್ತದೆ. ಆಸ್ಪತ್ರೆಯಲ್ಲಿ ರಕ್ತ ಕೊಡುತ್ತಾರೆ, ನಿಜ. ಆದರೆ ಒಂಬತ್ತು ತಿಂಗಳಲ್ಲಿ ಮೈಯಲ್ಲೇ ಮಾಡಿಕೊಳ್ಳಬಹುದಾಗಿದ್ದ ರಕ್ತವನ್ನು ನಡುರಾತ್ರಿ ಬಾಟಲಿಯಲ್ಲಿ ಹುಡುಕಬೇಕಾದ ಸ್ಥಿತಿ ಏಕೆ ಬರಬೇಕು?

ಮಾಡಿಕೊಳ್ಳುವ ದಾರಿ ಸುಲಭ, ಖರ್ಚೂ ಇಲ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ಕೆಂಪು ಕಬ್ಬಿಣಾಂಶದ ಮಾತ್ರೆ, 180 ದಿನ; ಹೆರಿಗೆಯಾದ ಮೇಲೆ ಮತ್ತೆ 180 ದಿನ. ನರ್ಸಮ್ಮ ಪುಕ್ಕಟೆ ಕೊಡುತ್ತಾರೆ. ಜಂತುಹುಳುವಿನ ಮಾತ್ರೆಯನ್ನೂ ನಾಲ್ಕನೆಯ ತಿಂಗಳಾದ ಮೇಲೆ ಒಂದು ಸಲ ಕೊಡುತ್ತಾರೆ. ಬರಿಗಾಲಿನಲ್ಲಿ ಗದ್ದೆಗಿಳಿಯುವವರಿಗೆ ಕೊಕ್ಕೆಹುಳು ಕಾಲಿನ ಚರ್ಮದಿಂದಲೇ ಒಳಹೊಕ್ಕು ಕರುಳಲ್ಲಿ ಕುಳಿತು ರಕ್ತ ಹೀರುವುದುಂಟು. ಸಮಸ್ಯೆ ಮಾತ್ರೆ ಸಿಗುವುದರಲ್ಲಿ ಇಲ್ಲ, ತಿನ್ನುವುದರಲ್ಲಿದೆ. ನಾಲ್ಕು ದಿನ ತಿಂದು ಹೊಟ್ಟೆ ತೊಳಸಿತೆಂದು ಸೂರಿಗೆ ಸಿಕ್ಕಿಸಿ ಬಿಟ್ಟವರನ್ನು ಎಲ್ಲ ಊರಿನಲ್ಲೂ ಕಾಣಬಹುದು. ರಾತ್ರಿ ಊಟವಾದ ಮೇಲೆ ತಿಂದು ಮಲಗಿದರೆ ತೊಳಸು ಕಡಮೆ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಾದ್ದಿಲ್ಲ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎನ್ನುವುದು ಬರೀ ಸುಳ್ಳು. ಕಬ್ಬಿಣಕ್ಕೂ ಮೈಬಣ್ಣಕ್ಕೂ ಸಂಬಂಧವಿಲ್ಲ. ಮಾತ್ರೆಯ ಹಿಂದೆಮುಂದೆ ಟೀ ಕಾಫಿ ಕುಡಿಯಬಾರದು, ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆರಸ ಒಳ್ಳೆಯದು. ಸುಣ್ಣದ ಮಾತ್ರೆ, ಅಂದರೆ ಕ್ಯಾಲ್ಸಿಯಂ ಮಾತ್ರೆ ಬೇರೆ ಕೊಡುತ್ತಾರಲ್ಲ, ಅದನ್ನು ಇದರ ಜೊತೆಗೇ ನುಂಗಬಾರದು, ಎರಡು ಗಂಟೆಯ ಅಂತರವಿರಲಿ. ಯೂರಿಯಾವನ್ನೂ ಸುಣ್ಣವನ್ನೂ ಒಟ್ಟಿಗೆ ಬೆರೆಸಿ ಎರಚಬೇಡಿ ಎಂದು ನಾವು ಹೇಳುವುದಿಲ್ಲವೆ? ಒಂದನ್ನೊಂದು ಕೆಡಿಸುವ ಬಾಬತ್ತು ಇಲ್ಲಿಯೂ ಇದೆ.

ಮಾತ್ರೆಯ ಜೊತೆಗೆ ಊಟ. ಬಸುರಿ ಹೊಟ್ಟೆ ತುಂಬ ಉಂಡರೆ ಮಗು ದಪ್ಪನಾಗಿ ಹೆರಿಗೆ ಕಷ್ಟವಾಗುತ್ತದೆಂದು ಕೆಲವು ಮನೆಗಳಲ್ಲಿ ಅವಳ ತಟ್ಟೆಗೆ ಅರ್ಧ ಮುದ್ದೆ ಇಕ್ಕುತ್ತಾರೆ. ಗಬ್ಬದ ಹಸುವಿಗೆ ಹೀಗೆ ಮಾಡುವ ರೈತನನ್ನು ನಾನು ಈ ತನಕ ಕಂಡಿಲ್ಲ. ತೂಕವಿಲ್ಲದ, ಎರಡೂವರೆ ಕಿಲೋಗಿಂತ ಕಡಮೆಯ ಕೂಸನ್ನು ಉಳಿಸಿಕೊಳ್ಳುವುದೇ ನಿಜವಾದ ಕಷ್ಟ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ಮಾತೃಪೂರ್ಣ ಎಂಬ ಯೋಜನೆ ಜಾರಿಗೆ ಬಂದು, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ ಎಂದಾಯಿತು: ಅನ್ನ, ತರಕಾರಿ ಬೇಳೆಯ ಸಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಮನೆಯಲ್ಲಿ ತಿನ್ನಲೆಂದು ಕೊಟ್ಟದ್ದನ್ನು ಅತ್ತೆ, ಮಕ್ಕಳು, ಗಂಡ ಎಲ್ಲರಿಗೂ ಹಂಚಿ ಕಡೆಗೆ ತಾನು ತಿನ್ನುವುದು ನಮ್ಮ ಹೆಣ್ಣುಮಕ್ಕಳ ಸ್ವಭಾವ. ಅದಕ್ಕೇ ಅಲ್ಲೇ ಕೂತು ಉಣ್ಣಲಿ ಎಂದು ಮಾಡಿದ್ದು. ಮೂರು ಮೈಲಿ ದೂರದ ಹೊಲದಿಂದ ಊಟಕ್ಕೆ ಬಂದು ಹೋಗಲು ಆಗುವುದಿಲ್ಲ ಎಂಬ ಮಾತೂ ಸತ್ಯವೇ. ಬಸುರಿ ಆಳಿಗೆ ಊರ ಹತ್ತಿರದ ಕೆಲಸ ಕೊಡುವುದು, ಮಧ್ಯಾಹ್ನ ಒಂದು ತಾಸು ಬಿಡುವುದು ಹೊಲದ ಯಜಮಾನರ ಕೈಯಲ್ಲಿದೆ. ನುಗ್ಗೆ ಸೊಪ್ಪು, ಹುರುಳಿಕಾಳು, ರಾಗಿ, ಬೆಲ್ಲ ನಮ್ಮ ಹಿತ್ತಲಿನವೇ ಆದ್ದರಿಂದ ಬೇರೆ ಹೇಳಬೇಕಾಗಿಲ್ಲ.

ನನ್ನ ಇಲಾಖೆಗೆ ನೇರವಾಗಿ ಸೇರಿದ ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಬಸುರಿಯೂ ಹಾಲುಣಿಸುವ ತಾಯಿಯೂ ಔಷಧಿ ಸಿಂಪಡಿಸುವ ಕೆಲಸದ ಹತ್ತಿರ ಸುಳಿಯಕೂಡದು. ಸಿಂಪಡಿಸುವುದು ಗಂಡಸರೇ ಅಲ್ಲವೆ ಎನ್ನುತ್ತೀರಿ. ಆದರೆ ಡ್ರಮ್ಮಿಗೆ ನೀರು ಹೊತ್ತು ತಂದು ಔಷಧಿ ಕಲಕಿ ಕೊಡುವವರು ಯಾರು? ನೀವು ಬಿಚ್ಚಿ ಬಿಸಾಡಿದ ಅಂಗಿಯನ್ನು ಒಗೆಯುವವರು ಯಾರು? ಹೊಡೆದ ಮರುದಿನ ಅದೇ ಗದ್ದೆಗೆ ಕಳೆ ಕೀಳಲು ಇಳಿಯುವವರು ಯಾರು? ಡಬ್ಬಿಯ ಮೇಲೆ ಬರೆದಿರುವ ಎಚ್ಚರಿಕೆ ಓದಿ, ಬಟ್ಟೆಯನ್ನು ನೀವೇ ಬೇರೆಯಾಗಿ ಒಗೆದುಕೊಳ್ಳಿ, ಖಾಲಿ ಡಬ್ಬಿಯನ್ನು ಮನೆಗೆ ತರಲೇಬೇಡಿ.

ತವರುಮನೆಯ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ತೊಂದರೆ ಆಗುವುದು ಇಲ್ಲೇ. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ಪದ್ಧತಿ. ಆರು ತಿಂಗಳು ಗಂಡನ ಊರಿನಲ್ಲಿ ನೋಡಿಕೊಂಡ ಆಶಾ ಕಾರ್ಯಕರ್ತೆಗೆ ಅವಳು ಹೋದದ್ದು ಗೊತ್ತಾಗುವುದಿಲ್ಲ. ತವರಿನ ಆಶಾ ಕಾರ್ಯಕರ್ತೆಗೆ ಅವಳು ಬಂದದ್ದು ಗೊತ್ತಾಗುವುದಿಲ್ಲ. ಕಡೆಯ ಎರಡು ತಿಂಗಳು, ಬಹಳ ಎಚ್ಚರ ಬೇಕಾದ ಕಾಲ, ಅವಳು ಯಾರ ಪುಸ್ತಕದಲ್ಲೂ ಇಲ್ಲದಂತಾಗುತ್ತಾಳೆ. ಆದ್ದರಿಂದ ಹೊರಡುವ ಮುನ್ನ ಇಲ್ಲಿ ಹೇಳಿ ಹೊರಡಿ, ಹೋದ ಮರುದಿನವೇ ಅಲ್ಲಿ ಹೇಳಿಸಿ. ಸೀರೆ, ಕುಪ್ಪಸ, ಹೂವು, ಬಳೆ ಎಲ್ಲ ಕಟ್ಟುತ್ತೀರಿ. ಆ ಗಂಟಿನಲ್ಲಿ ತಾಯಿ ಕಾರ್ಡು, ಉಳಿದ ಮಾತ್ರೆ, ಆಧಾರ್, ಬ್ಯಾಂಕಿನ ಪಾಸುಪುಸ್ತಕ ಇವೂ ಇರಲಿ. ತಾಯಿ ಕಾರ್ಡಿನಲ್ಲಿ ಅವಳ ರಕ್ತದ ಗುಂಪು, ಒತ್ತಡ, ಹಿಂದಿನ ಪರೀಕ್ಷೆ ಎಲ್ಲ ಬರೆದಿರುತ್ತದೆ. ಹೊಸ ಆಸ್ಪತ್ರೆಯ ವೈದ್ಯರಿಗೆ ನಡುರಾತ್ರಿಯಲ್ಲಿ ಅದೇ ಕಣ್ಣು.

ಹೆರಿಗೆಯ ದಿನಕ್ಕೆ ವಾಹನ ಯಾವುದು, ಜೊತೆಗೆ ಯಾರು ಹೋಗುವವರು, ಯಾವ ಆಸ್ಪತ್ರೆ ಎಂಬುದನ್ನು ಎಂಟನೆಯ ತಿಂಗಳಲ್ಲೇ ನಿಶ್ಚಯ ಮಾಡಿಕೊಳ್ಳಬೇಕು. 2008ರ ನವೆಂಬರ್‌ನಿಂದ ನಮ್ಮ ರಾಜ್ಯದಲ್ಲಿ 108ರ ವಾಹನ ಓಡುತ್ತಿದೆ, ಕರೆಗೆ ಹಣವಿಲ್ಲ. ತೋಟದ ಮನೆಯವರು ಒಬ್ಬರು ಮುಖ್ಯರಸ್ತೆಗೆ ಬಂದು ಟಾರ್ಚು ಹಿಡಿದು ನಿಂತರೆ ದಾರಿ ಹುಡುಕುವ ಹೊತ್ತು ಉಳಿಯುತ್ತದೆ. ರಕ್ತ ಕಾಣಿಸಿದರೆ, ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ, ಫಿಟ್ಸು ಬಂದರೆ, ಮಗು ಅಲ್ಲಾಡುವುದು ಕಡಮೆಯಾದರೆ, ನೋವಿಲ್ಲದೆ ನೀರು ಹೋದರೆ ತಾರೀಖನ್ನು ಕಾಯಬೇಡಿ, ಆಗಲೇ ಹೊರಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಡುವ ವಾಹನ ಇವಕ್ಕೆ ಹಣ ತೆಗೆದುಕೊಳ್ಳಕೂಡದೆಂದು 2011ರಲ್ಲೇ ಕಟ್ಟಳೆಯಾಗಿದೆ. ಯಾರಾದರೂ ಕೈ ಚಾಚಿದರೆ ಕೊಟ್ಟು ಸುಮ್ಮನಾಗಬೇಡಿ, ಮೇಲಿನವರಿಗೆ ತಿಳಿಸಿ.

"ನಮ್ಮ ಕಾಲದಾಗೆ ಯಾವ ಕಾರ್ಡಿತ್ತಪ್ಪ, ಯಾವ ಸೂಜಿ ಇತ್ತು? ಸೂಲಗಿತ್ತಿ ಬಂದಳು, ನಾವು ಹೆತ್ತೆವು" ಎಂದು ಒಂದು ಊರಿನ ಅಜ್ಜಿ ನನ್ನನ್ನು ಕೇಳಿದರು. ಎಷ್ಟು ಹೆತ್ತಿರಿ ಅಜ್ಜಿ ಎಂದೆ. ಏಳು ಎಂದರು. ಎಷ್ಟು ಉಳಿದವು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ನಾಲ್ಕು ಬೆರಳು ತೋರಿಸಿದರು. ಸೂಲಗಿತ್ತಿಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ ರಕ್ತ ಸುರಿಯತೊಡಗಿದರೆ ಎಂಥ ಕೈಗುಣದವರ ಕೈಯಲ್ಲೂ ರಕ್ತದ ಬಾಟಲಿ ಇರುವುದಿಲ್ಲ.

ಮಗು ಹುಟ್ಟಿತು ಎನ್ನಿ. ಕರು ಬಿದ್ದ ಗಂಟೆಯೊಳಗೆ ಗಿಣ್ಣು ಕುಡಿಸಬೇಕು, ಇಲ್ಲದಿದ್ದರೆ ಕರು ಗಟ್ಟಿಯಾಗುವುದಿಲ್ಲ ಎಂಬುದು ಹಾಲು ಕರೆಯುವ ಎಲ್ಲರಿಗೂ ಗೊತ್ತು. ತಾಯಿಯ ಮೊದಲ ಹಳದಿ ಹಾಲೂ ಗಿಣ್ಣೇ. ಅದನ್ನು ಹಿಂಡಿ ಚೆಲ್ಲಿ ಕೂಸಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಹಾಕುವುದು ಯಾವ ನ್ಯಾಯ? ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು. ಆರು ತಿಂಗಳು ತಾಯಿಹಾಲು ಬಿಟ್ಟು ನೀರೂ ಬೇಡ. ಬಾಣಂತಿಗೆ ನೀರು ಕುಡಿಸದೆ, ಎರಡು ತುತ್ತು ಅನ್ನ ಮೆಣಸಿನ ಸಾರಿನಲ್ಲಿ ಇಟ್ಟರೆ ಹಾಲು ಎಲ್ಲಿಂದ ಬರಬೇಕು? ಬೆಚ್ಚಗಿಡಿ, ಸರಿ, ಕಿಟಕಿ ಮುಚ್ಚಿ ಹೊಗೆ ತುಂಬಬೇಡಿ. ಆಸ್ಪತ್ರೆಯಲ್ಲಿ ಎರಡು ದಿನವಾದರೂ ಇದ್ದು ಬರಬೇಕು. ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಬಂದು ಕೂಸಿನ ತೂಕ, ಮೈಬಿಸಿ, ಹೊಕ್ಕಳು ನೋಡಬೇಕೆಂದು ನಿಯಮವಿದೆ. ಮೈಲಿಗೆ ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಕೂಸು ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ, ಉಸಿರಾಟ ಬಿರುಸಾದರೆ ಅವರ ಬರವನ್ನೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಲಸಿಕೆಯ ಲೆಕ್ಕ ಹೀಗಿದೆ. ಹುಟ್ಟಿದ ಕೂಡಲೆ ಆಸ್ಪತ್ರೆಯಲ್ಲೇ ಕ್ಷಯಕ್ಕೆ, ಕಾಮಾಲೆಗೆ ಸೂಜಿ, ಪೋಲಿಯೊ ಹನಿ. ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ; ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದ ಐದು ರೋಗಗಳಿಗೆ ಒಂದೇ ಸೂಜಿ, ಜೊತೆಗೆ ಭೇದಿಯ ಹನಿ, ಪೋಲಿಯೊ ಹನಿ. ಒಂಬತ್ತು ತಿಂಗಳು ತುಂಬಿದಾಗ ದಡಾರದ ಸೂಜಿ, ಇರುಳುಗಣ್ಣು ಬಾರದಂತೆ ಎ ಅನ್ನಾಂಗದ ದ್ರವ. ಸೂಜಿಯಾದ ರಾತ್ರಿ ಸ್ವಲ್ಪ ಜ್ವರ ಬರಬಹುದು; ಅದಕ್ಕಾಗಿ ಮುಂದಿನದನ್ನು ತಪ್ಪಿಸಬಾರದು. ನಮ್ಮ ಕಡೆ ಬಹಳ ಊರುಗಳಲ್ಲಿ ಲಸಿಕೆಯ ದಿನ ಗುರುವಾರ.

ಹಣದ ಮಾತನ್ನು ಕಡೆಗೆ ಇಟ್ಟಿದ್ದೇನೆ, ಮೊದಲೇ ಹೇಳಿದರೆ ಉಳಿದದ್ದನ್ನು ಓದುವುದಿಲ್ಲವೆಂದು! ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ: ಹೆಸರು ಬರೆಸಿ ಪರೀಕ್ಷೆಯಾದ ಮೇಲೆ 3,000, ಜನನ ನೋಂದಣಿಯಾಗಿ ಮೂರೂವರೆ ತಿಂಗಳ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣು ಮಗುವಾದರೆ 6,000. ಬಿ.ಪಿ.ಎಲ್. ಕಾರ್ಡಿನವರು, ಪರಿಶಿಷ್ಟ ಜಾತಿ ಪಂಗಡದವರು ಮಾತ್ರವಲ್ಲದೆ, ಕಿಸಾನ್ ಸಮ್ಮಾನ್ ನಿಧಿ ತಮ್ಮ ಹೆಸರಿಗೆ ಬರುವ ರೈತ ಮಹಿಳೆಯರೂ ಇದಕ್ಕೆ ಅರ್ಹರು. ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಬಡ ತಾಯಿಗೆ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ 700 ರೂಪಾಯಿ ಬೇರೆ. ಖಾತೆ ಗಂಡನದಲ್ಲ, ಅವಳ ಹೆಸರಿನದೇ ಆಗಿರಬೇಕು, ಆಧಾರ್ ಜೋಡಿಸಿರಬೇಕು. ಹುಟ್ಟಿದ 21 ದಿನದೊಳಗೆ ಜನನ ಬರೆಸಿದರೆ ಶುಲ್ಕವಿಲ್ಲ. ಆಸ್ಪತ್ರೆಯಿಂದ ಬರುವಾಗಲೇ ಅದರ ಕಾಗದ ಕೇಳಿ ತನ್ನಿ. ಹೆಸರು, ತಾರೀಖು ಸರಿಯಾಗಿದೆಯೇ ಎಂದು ಅಲ್ಲೇ ಒಂದು ಸಲ ಓದಿ ನೋಡಿ. ಆಮೇಲೆ ತಿದ್ದಿಸುವುದು ಪಹಣಿ ತಿದ್ದಿಸಿದಷ್ಟೇ ತ್ರಾಸ.